ಹುಟ್ಟಿದ ಊರು: ಕಾಸರಗೋಡು

ಹೊಸನಗರ
೧೪ ಜೂನ್ ೧೯೬೨

ಅಮ್ಮಾ,

ನಿನ್ನ ವೇದಾವತಿ ಇಲ್ಲಿಂದಲೇ ಕಾಲು ಮುಟ್ಟಿ ಬರೆಯುತ್ತಿದ್ದೇನೆ. ಶಾಲೆಯ ಕೆಲಸ ಸಿಕ್ಕಿತು. ಕೋಣಂದೂರಿನ ಹತ್ತಿರ, ಸೋಮವಾರ ಹೋಗಿ ಸೇರಬೇಕು. ಸಂತೋಷವಾಗಿಲ್ಲವೆಂದಲ್ಲ, ಸುಸ್ತೇ ಹೆಚ್ಚು.

ಹೋದ ವರ್ಷವೇ ಸಿಗಬೇಕಿದ್ದ ಕೆಲಸ ಯಾಕೆ ತಪ್ಪಿತೆಂದು ನೀನು ಕೇಳಿದಾಗ, ಜಾಗ ಖಾಲಿಯಿಲ್ಲ ಎಂದು ಬರೆದಿದ್ದೆ. ಅದು ಸುಳ್ಳು. ಸಾಗರದ ಕಚೇರಿಯಲ್ಲಿ ಗುಮಾಸ್ತರು ನನ್ನ ಅರ್ಜಿ ನೋಡಿ, "ಕಾಸರಗೋಡಾ? ಅದು ಕೇರಳ ಆಯ್ತಲ್ಲಮ್ಮ, ನೀವು ಅಲ್ಲಿಯವರು" ಅಂದರು. ನಾನು ಹುಟ್ಟಿದಾಗ ನಮ್ಮೂರು ಮದರಾಸಿನದು, ಮದುವೆಯಾಗಿ ಇಲ್ಲಿಗೆ ಬಂದಾಗಲೂ ಅದೇ. ನಮ್ಮ ಯಜಮಾನರು ತೀರಿಕೊಂಡ ವರ್ಷ ಊರು ಕೇರಳಕ್ಕೆ ಹೋಯಿತು. ನಾನು ಎಲ್ಲಿಗೂ ಹೋಗಲಿಲ್ಲ. ಇಲ್ಲಿ ಓಟು ಹಾಕಿದವಳು ಅಲ್ಲಿಯವಳು ಹೇಗಾದೆ ಎಂದು ಕೇಳಿದೆ. ಅವರು ಉಪಾಯ ಹೇಳಿದರು: "ತೀರ್ಥಹಳ್ಳಿಯಲ್ಲಿ ಹುಟ್ಟಿದ್ದು ಅಂತ ಬರೆದು ಸಹಿ ಹಾಕಿಕೊಡಿ, ಮುಗೀತು."

ಬರೆದುಕೊಟ್ಟೆ, ಅಮ್ಮಾ. ನಾಲ್ಕನೆಯ ದಿನ ಮತ್ತೆ ಬಸ್ಸು ಹತ್ತಿ ಹೋಗಿ ಆ ಕಾಗದ ವಾಪಸು ಕೇಳಿದೆ. ಅವರಿಗೆ ಸಿಟ್ಟು ಬಂತು. ಕಾಗದ ಕೈಗೆ ಬಂತು, ಪಟ್ಟಿಯಿಂದ ಹೆಸರು ಹೋಯಿತು.

ಆಮೇಲೆ ಪಕ್ಕದ ಮನೆಯ ಮಂಜುನಾಥಪ್ಪನವರು, ರಿಟೈರಾದ ಹೆಡ್‌ಮಾಸ್ತರು, ವಿಷಯ ಕೇಳಿ ತಲೆ ಚಚ್ಚಿಕೊಂಡರು. ಕೆಲಸಕ್ಕೆ ಇಂಥ ರಾಜ್ಯದವರೇ ಆಗಬೇಕೆಂಬ ಷರತ್ತನ್ನು ಪಾರ್ಲಿಮೆಂಟು ತೆಗೆದು ಎರಡು ವರ್ಷವಾಗಿತ್ತಂತೆ. "ಮೈಸೂರಿಗೊಂದು, ಕೇರಳಕ್ಕೊಂದು ಪೌರತ್ವ ಇಲ್ಲ ತಾಯಿ. ಇರೋದು ಒಂದೇ. ಬರೆದು ಕೇಳಿ" ಅಂದರು. ಐದು ಸಲ ಬರೆದೆ. ಬಸ್ಸಿನಲ್ಲಿ ಎಷ್ಟು ಸಲ ಓಡಾಡಿದೆನೋ ನೆನಪಿಲ್ಲ. ಕೊನೆಗೆ ಮೇಲಿನ ಸಾಹೇಬರೇ ಕರೆಸಿ ಕಾಗದ ಓದಿದರು. "ಇವರನ್ನ ಯಾಕ್ರೀ ಇಷ್ಟು ಓಡಾಡಿಸಿದ್ರಿ?" ಎಂದು ಗುಮಾಸ್ತರನ್ನು ಕೇಳಿ ಸಹಿ ಹಾಕಿದರು. ಎರಡು ನಿಮಿಷದ ಕೆಲಸ. ನನಗೆ ಅಳುವುದಕ್ಕೂ ತ್ರಾಣವಿರಲಿಲ್ಲ. ಗುಮಾಸ್ತರೇ ನೀರು ತಂದುಕೊಟ್ಟರು, ಕುಡಿದೆ.

ಹುಟ್ಟಿದ ಊರು ಕಾಸರಗೋಡು, ಕೇರಳ ರಾಜ್ಯ ಎಂದೇ ಈ ಸಲ ಬರೆದೆ. ಊರನ್ನು ಮೈಸೂರಿಗೆ ಸೇರಿಸಿ ಎಂದು ಉಪವಾಸ ಕೂತ ಅಣ್ಣನಿಗೆ ಇದು ಹಿಡಿಸದು. ನೀನೇ ಸಮಾಧಾನ ಹೇಳು.

ನಿನ್ನ
ವೇದಾ

ಈ ಚೀಟಿಯೊಂದನ್ನು ಅಣ್ಣನ ಹತ್ತಿರ ಓದಿಸಬೇಡ, ನೀನೇ ಅಕ್ಷರ ಕೂಡಿಸಿಕೊಂಡು ಓದು. ತಾಯಿ ಆ ಕಡೆ ಇದ್ದಾರೆಂದರೆ ಮತ್ತೆ ತಕರಾರು ಎಂದು ಗುಮಾಸ್ತರು ಹೇಳಿದ್ದರು. ನಾನು ವಾಪಸು ತಂದ ಆ ಕಾಗದದಲ್ಲಿ 'ತಾಯಿ ಯಮುನಮ್ಮ ತೀರ್ಥಹಳ್ಳಿಯಲ್ಲೇ ಕಾಲವಾದರು' ಎಂದೂ ಬರೆದು ಸಹಿ ಹಾಕಿದ್ದೆ. ಮೂರನೆಯ ದಿನ ನಿನ್ನ ಕಾರ್ಡು ಬಂತು: ಮಂಡಿನೋವು ಕಡಿಮೆಯಾಗಿದೆ, ಹಲಸಿನ ಹಪ್ಪಳ ಒಣಗಿಸುತ್ತಿದ್ದೇನೆ, ಆ ಕಡೆ ಬರುವವರು ಯಾರಾದರೂ ಇದ್ದರೆ ಕಳಿಸುತ್ತೇನೆ.