ಗುಳೇದಗುಡ್ಡದ ಬಾಣಂತಿ

ಜೂನ್ 11, ಮಂಗಳವಾರ

ಮುಂಜಾನೆ ಡ್ಯೂಟಿ. ಹಾಸಿಗೆಗಳಿಗಿಂತ ಬಾಣಂತಿಯರೇ ಹೆಚ್ಚು. ಕಿಟಕಿ ಪಕ್ಕದವಳಿಗೆ ಹಾಲು ಕಟ್ಟಿಕೊಂಡು ಎದೆ ಕಲ್ಲಾಗಿತ್ತು. ಬಿಸಿನೀರಿನ ಬಟ್ಟೆ ಒತ್ತಿ, ಹಿಂಡಿ ತೆಗೆದು, ಕೂಸಿನ ಬಾಯಿಗೆ ಹಚ್ಚುವಷ್ಟರಲ್ಲಿ ನನ್ನ ಬೆನ್ನು ಬಿದ್ದುಹೋಯಿತು. ನಮ್ಮ ಆಯಾ ಕಾಸಿಂಬಿ ಹೊದಿಕೆ ಜಾಡಿಸುತ್ತ, ಸಿಕ್ಕವರನ್ನೆಲ್ಲ ಬೈಯುತ್ತ ಓಡಾಡುತ್ತಿದ್ದಳು. ಅವಳು ಬೈಯುತ್ತಿದ್ದರೆ ವಾರ್ಡು ನೆಟ್ಟಗಿದೆ ಎಂದರ್ಥ.

ಮೂಲೆಯ ಹಾಸಿಗೆಯಲ್ಲಿ ಮಾಯಾ. ಗುಳೇದಗುಡ್ಡದವಳು. ಭಾನುವಾರ ಹೆತ್ತಳು. ಚೊಚ್ಚಲು, ಹೆಣ್ಣು, ಹೆರಿಗೆ ಸಲೀಸು. ತವರಿನಲ್ಲಿ ತಾಯಿ ಇಲ್ಲ, ಹಾಗಾಗಿ ಅತ್ತೆ ಇಂದ್ರವ್ವನೇ ಬಾಣಂತನಕ್ಕೆ ನಿಂತಿದ್ದಾಳೆ. ಗಂಡ ಮಹಾಂತೇಶ ಮನೆಯಲ್ಲೇ ಕುಪ್ಪಸದ ಖಣ ನೇಯುವವನು. ಬರುತ್ತಾನೆ, ಕೂಸನ್ನು ದೂರದಿಂದ ನೋಡುತ್ತಾನೆ, ನಾಚಿಕೊಂಡು ಹೋಗುತ್ತಾನೆ.

ಮಾಯಾ ಹೆತ್ತಾಗಿನಿಂದ ಕಣ್ಣು ಮುಚ್ಚಿಲ್ಲವಂತೆ. ಆದರೆ ದಣಿದವರ ಕಣ್ಣಲ್ಲ ಅವು. ಹೊಳೆಯುತ್ತಿವೆ… ಬಿಪಿ ನೋಡಲು ಬಾಗಿದರೆ ನನ್ನ ಕೈ ಹಿಡಿದುಕೊಂಡಳು.

"ಸಿಸ್ಟರ್, ಆ ಕೂಸಿಗೆ ಯಾಕ ಯಾರೂ ಹಾಲ ಕೊಡವಲ್ರು?"

"ಯಾವ ಕೂಸಿಗೆ, ತಂಗಿ?"

"ಗ್ವಾಡಿ ಆಚಿಗೆ ಅಳಾಕತ್ತೈತಲ್ರಿ. ಅದು ನಂದು."

ಅವಳ ಕೂಸು ಪಕ್ಕದಲ್ಲೇ ಮಲಗಿತ್ತು. ಗೋಡೆಯಾಚೆ ಏನೂ ಇಲ್ಲ — ರಸ್ತೆ.

ಜೂನ್ 12, ಬುಧವಾರ

ರೌಂಡ್ಸಿಗೆ ಬಂದ ಡಾಕ್ಟರ್ ಮೇಡಂಗೆ ಗೋಡೆಯಾಚೆಯ ಅಳುವಿನ ಮಾತು ಹೇಳಿದೆ. ಅವರು ಕೂತು ಮಾತನಾಡಿಸಿದರು. ಮಾಯಾ ಎಲ್ಲಕ್ಕೂ ಸರಿಯಾಗಿಯೇ ಉತ್ತರ ಕೊಟ್ಟಳು. ನಕ್ಕಳು ಕೂಡ. ನಿದ್ದೆಗೆಟ್ಟಿದ್ದಾಳೆ, ಹೆಚ್ಚಾದರೆ ತಕ್ಷಣ ಕರೆತರಲಿ ಎಂದು ಮೇಡಂ ಡಿಸ್ಚಾರ್ಜ್ ಬರೆದರು. ತೋರಿಸಲು ನನ್ನ ಬಳಿ ಏನಿತ್ತು? ಹೊಳೆಯುವ ಕಣ್ಣು.

ಇಂದ್ರವ್ವನಿಗೆ ನನ್ನ ನಂಬರ್ ಕೊಟ್ಟು, ಅವಳದು ಬರೆದುಕೊಂಡೆ. "ಒಬ್ಬಾಕಿನ್ನ ಬಿಡಬ್ಯಾಡ್ರಿ" ಎಂದೆ.

"ಗಾಳಿ ಸೋಕೈತ್ರಿ ಅಕ್ಕಾರ. ನನಗ ಗೊತ್ತಾಗೈತಿ. ಶನಿವಾರ ತುಳಸಿಗೇರಿ ಹಣಮಪ್ಪಗ ಹೋಗಿ ಬರ್ತೇವಿ."

ಒಳ್ಳೆಯ ಹೆಂಗಸು. ಸೊಸೆಯ ತಲೆಗೆ ತನ್ನದೇ ಸ್ಕಾರ್ಫ್ ಕಟ್ಟಿ, ಕಿವಿಗೆ ಹತ್ತಿ ಇಟ್ಟು ಕರೆದೊಯ್ದಳು.

ಜೂನ್ 14, ಶುಕ್ರವಾರ

ಮಧ್ಯಾಹ್ನ ತಡೆಯಲಾಗದೆ ಫೋನ್ ಹಚ್ಚಿದೆ. ಮಾಯಾ ಎತ್ತಿದಳು. ಹಿಂದೆ ಮಗ್ಗದ ಸದ್ದು. ಪಿಸುಮಾತು.

"ಒಯ್ಯಾಕ ಬರ್ತಾರ್ರಿ ಅವ್ರು. ಕೂಸು ಅವರ ಕೈಯಾಗ ಸಿಗಬಾರ್ದು. ಸಿಗದಂಗ ಮಾಡ್ತೇನಿ."

ಕಟ್ ಆಯಿತು. ಮೇಡಂ ಬಳಿ ಓಡಿದೆ. ಈ ಸಲ ಅವರ ಮುಖ ಬಿಳಿಚಿತು. ಈಗಿಂದೀಗ ಕರೆಸು ಎಂದರು. ತಿರುಗಿ ಹಚ್ಚಿದಾಗ ಇಂದ್ರವ್ವ ಎತ್ತಿದಳು. "ನಾಳೆ ದೇವರಿಗೆ ಹೋಗಿ ಅಲ್ಲಿಂದ ನೆಟ್ಟಗ ಬರ್ತೇವ್ರಿ." ಎಷ್ಟು ಹೇಳಿದರೂ ಅದೇ ಮಾತು. ಆಮೇಲೆ ಯಾರೂ ಎತ್ತಲಿಲ್ಲ.

ನಾಳೆ ರಜೆ ಹಾಕಿದ್ದೇನೆ. ಗುಳೇದಗುಡ್ಡಕ್ಕೆ ಮೊದಲ ಬಸ್ಸು.

ಜೂನ್ 15, ಶನಿವಾರ

ಕೂಸು ಬದುಕಿದೆ. ಇವತ್ತು ಇಷ್ಟೇ ಬರೆಯಬಲ್ಲೆ.

ಜೂನ್ 18, ಮಂಗಳವಾರ

ಬರೆದರೆ ಹಗುರಾದೀತು ಅಂತ.

ಶನಿವಾರ ಅವರ ಮನೆ ಮುಂದೆ ಬಾಡಿಗೆ ಜೀಪು ನಿಂತಿತ್ತು, ತುಳಸಿಗೇರಿಗೆ. ಮಹಾಂತೇಶ ಡ್ರೈವರನ ಜೊತೆ ಮಾತಿಗೆ ನಿಂತಿದ್ದ. ಇಂದ್ರವ್ವ ಹಿತ್ತಲಲ್ಲಿ ನೀರು ತೋಡುತ್ತಿದ್ದಳು. ಮಗ್ಗ ಸುಮ್ಮನಿತ್ತು. ಒಳಕೋಣೆಯಲ್ಲಿ ಮಾಯಾ ಒಬ್ಬಳೇ, ಟ್ರಂಕಿನ ಮೇಲೆ ಕೂತು ಕೂದಲು ಬಾಚಿಕೊಳ್ಳುತ್ತಿದ್ದಳು. ನಿಧಾನವಾಗಿ, ಮದುವೆಗೆ ಹೊರಟವಳಂತೆ.

"ಕೂಸು ಎಲ್ಲೈತಿ, ತಂಗಿ?"

"ಯಾವ ಕೂಸು?"

ತೊಟ್ಟಿಲು ಖಾಲಿ. ಹಾಸಿಗೆ ಖಾಲಿ. ಎಲ್ಲೂ ಅಳುವಿಲ್ಲ. ಅವಳು ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದಳು — ಸುಮ್ಮನಿರಿ, ಅವರಿಗೆ ಕೇಳಿಸೀತು. ಆಗ ನನಗೆ ಹೊಳೆಯಿತು. ಅವಳನ್ನು ಎಳೆದು ಪಕ್ಕಕ್ಕೆ ತಳ್ಳಿ ಮುಚ್ಚಳ ಎತ್ತಿದೆ. ಇಳಕಲ್ ಸೀರೆಗಳ ನಡುವೆ, ಖಣದ ತುಂಡಿನಲ್ಲಿ ಚೆಂದವಾಗಿ ಸುತ್ತಿಟ್ಟಿದ್ದಳು. ಮೈ ಬೆಚ್ಚಗಿತ್ತು. ತುಟಿ ನೀಲಿ. ಅಂಗಾಲು ತಟ್ಟಿದೆ, ಬೆನ್ನು ತಿಕ್ಕಿದೆ, ಬಾಯಿಗೆ ಬಾಯಿಟ್ಟು ಉಸಿರು ಊದಿದೆ. ಏನೂ ಇಲ್ಲ. ಮತ್ತೆ ಊದಿದೆ. ಆ ಹೊತ್ತು… ಆ ಹೊತ್ತು ಇನ್ನೂ ಮುಗಿದಿಲ್ಲ ನನ್ನಲ್ಲಿ.

ಕೊನೆಗೆ ಬೆಕ್ಕಿನ ಮರಿಯಂಥ ದನಿ. ಆಮೇಲೆ ಅಳು.

ಇಂದ್ರವ್ವ ಬಾಗಿಲಲ್ಲಿ ನಿಂತಿದ್ದಳು. ಕೊಡ ಕೈಯಿಂದ ಜಾರಿ ನೀರೆಲ್ಲ ಒಳಗೆ ಹರಿಯಿತು. ಮಹಾಂತೇಶ "ತುಳಸಿಗೇರಿ…" ಎಂದು ತೊದಲಿದ. ಇಂದ್ರವ್ವನೇ ಅವನನ್ನು ತಡೆದಳು.

"ದೇವರು ಎಲ್ಲೂ ಹೋಗಂಗಿಲ್ಲಲೇ. ಜೀಪ ಬಾಗಲಕೋಟಿ ದವಾಖಾನಿಗೆ ಬಿಡಸು."

ದಾರಿಯುದ್ದಕ್ಕೂ ಕೂಸು ನನ್ನ ಎದೆಗೆ. ಮಾಯಾ ತಂಟೆ ಮಾಡದೆ ಕೂತಿದ್ದಳು. ಕಮತಗಿ ದಾಟಿದ ಮೇಲೆ ಒಮ್ಮೆ ಕೇಳಿದಳು: "ಇದರ ಅವ್ವ ಎಲ್ಲಿ ಹೋಗ್ಯಾಳ್ರಿ?"

ಕೂಸನ್ನು ಮಕ್ಕಳ ವಾರ್ಡಿನಲ್ಲಿ ಇಟ್ಟುಕೊಂಡಿದ್ದಾರೆ, ಆರಾಮಿದೆ. ಮಾಯಾಳನ್ನು ಮಾನಸಿಕ ವಿಭಾಗಕ್ಕೆ ಸೇರಿಸಿದೆವು. ಬಾಣಂತಿಯರಿಗೆ ಅಪರೂಪಕ್ಕೆ ಬರುವ ಕಾಯಿಲೆ, ಗುಣವಾಗುತ್ತದೆ ಎಂದರು ಅಲ್ಲಿನ ಡಾಕ್ಟರ್.

ಜುಲೈ 9, ಮಂಗಳವಾರ

ಊಟದ ನಂತರ ವಾರ್ಡಿನಲ್ಲಿ ಎಲ್ಲ ಕೂಸುಗಳೂ ಒಟ್ಟಿಗೆ ಮಲಗಿಬಿಡುತ್ತವೆ. ಮೊದಲೆಲ್ಲ ಅದೇ ನಮಗೆ ಚಹಾದ ಹೊತ್ತು. ಈಗ ಆ ಮೌನ ಬಂತೆಂದರೆ ಕೂರಲಾಗುವುದಿಲ್ಲ. ಎದ್ದು ಹೋಗಿ ಒಂದೊಂದರ ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ. ಇವತ್ತು ಲಿನನ್ ಕಪಾಟು ತೆರೆದು ಕೈ ಹಾಕಿ ತಡಕಾಡುತ್ತಿದ್ದೆ. ಏನು ಹುಡುಕುತ್ತಿದ್ದೆ?

ಕಾಸಿಂಬಿ ನೋಡಿದಳು. ಬೈಯಲಿಲ್ಲ. ಬಾಗಿಲು ಮುಚ್ಚಿ ನನ್ನನ್ನು ಕುರ್ಚಿಗೆ ಕೂರಿಸಿದಳು.

"ಜಯಕ್ಕಾ, ನೀ ಆ ಕೂಸಿನ್ನ ಹೊರಗ ತಗದಿ. ನೀ ಇನ್ನೂ ಒಳಗ ಅದಿ."

ಆಗಸ್ಟ್ 24, ಶನಿವಾರ

ಗುಳೇದಗುಡ್ಡಕ್ಕೆ ಹೋಗಿ ಬಂದೆ. ಮಾಯಾಳೇ ಫೋನ್ ಮಾಡಿ ಕರೆದಿದ್ದಳು.

ಮನೆಗೆ ಬಂದು ಮೂರು ವಾರ. ಮಾತ್ರೆ ನಡೆದಿದೆ. ಹಾಲು ಕೊಡಬಹುದು, ಇನ್ನು ಒಬ್ಬಳೇ ಕೂಸಿನ ಜೊತೆ ಇದ್ದರೂ ಭಯವಿಲ್ಲ ಎಂದಿದ್ದಾರೆ ಡಾಕ್ಟರ್. ಕಣ್ಣುಗಳು ಆರಿವೆ, ಮನುಷ್ಯರ ಕಣ್ಣಾಗಿವೆ. ಕೂಸು ಗುಂಡಗೆ ಬೆಳೆದಿದೆ. ಆದರೂ ಇಂದ್ರವ್ವ ಬಿಡುವುದಿಲ್ಲ, ನೆರಳಿನಂತೆ ಹಿಂದೆಯೇ. ಅವಳು ಚಹಾಕ್ಕೆ ಎದ್ದಾಗ ಮಾಯಾ ನನ್ನ ಹತ್ತಿರ ಸರಿದಳು.

"ಅಕ್ಕಾರ, ಖರೆ ಹೇಳ್ರಿ. ಇಲ್ಲೆ ಒಂದು ಟ್ರಂಕ್ ಇತ್ತು. ಕಣ್ಣ ಮುಚ್ಚಿದ್ರ ಅದರ ಮುಚ್ಚಳ ಕಾಣ್ತೈತಿ. ಇವರನ್ನ ಕೇಳಿದ್ರ, ಈ ಮನ್ಯಾಗ ಟ್ರಂಕ ಇರ್ಲಿಲ್ಲ, ಕನಸು ಬಿದ್ದಿರಬೇಕು ಅಂತಾರ. ನಾ ಏನ್ ಮಾಡಿದ್ದೆ?"

ಸುಳ್ಳು ನಾಲಿಗೆ ತುದಿಯಲ್ಲೇ ಇತ್ತು. ಮಮತೆಯ ಸುಳ್ಳು. ಆದರೆ ಹೇಳಿದೆ. ಎಲ್ಲ ಹೇಳಿದೆ. ಯಾರೋ ಒಯ್ಯುತ್ತಾರೆಂದು ಹೆದರಿ ನೀನೇ ಕೂಸನ್ನು ಅದರಲ್ಲಿ ಬಚ್ಚಿಟ್ಟಿದ್ದೆ ಎಂದು. ಖಣದಲ್ಲಿ ಸುತ್ತಿದ್ದೆ ಎಂದು.

"ಮುಚ್ಚಳ ನಾನ ಹಾಕಿದ್ನಿ?"

"ಹೂಂ, ತಂಗಿ. ಕಾಯಿಲಿ ಹಾಕಿಸಿತು. ಕೈ ನಿಂದು."

ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಆಮೇಲೆ, "ಹಂಗಾರ ಅದು ಕನಸಲ್ಲ. ಇಲ್ಲದ್ದೆಲ್ಲಾ ಕಾಣಾಕತ್ತೈತಿ, ನನಗ ಇನ್ನೂ ಆರಾಮ ಆಗಿಲ್ಲ ಅಂತ ದಿನಾ ಸಾಯಾಕತ್ತಿದ್ನಿರಿ" ಎಂದಳು.

ಇಂದ್ರವ್ವ ಚಹಾದ ಕಪ್ಪು-ಬಸಿ ಹಿಡಿದು ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಆ ಟ್ರಂಕ ನಾನ ಮಾರಿಸಿದೆ, ಯವ್ವಾ" ಎಂದಳು, ಅಷ್ಟೇ.

ಕೂಸು ಎದ್ದು ಅಳತೊಡಗಿತು. ಮಾಯಾ ಎತ್ತಿಕೊಂಡು ಅತ್ತೆಯ ಮುಖ ನೋಡಿದಳು.

"ಅತ್ತಿ, ಬಾಗಲಾ ಮುಂದ ಮಾಡ್ಕೊಂಡು ಹಾಲ ಕುಡಸ್ಲೇನ್ರಿ?"

ಇಂದ್ರವ್ವ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಬಾಗಿಲು ಮುಚ್ಚಿತು. ಒಳಗೆ ಅಳು ಒಮ್ಮೆ ಏರಿತು, ಆಮೇಲೆ ನಿಂತಿತು.

ಹಾಲು ಕುಡಿಯುತ್ತಿದೆ, ಅದಕ್ಕೇ ನಿಂತಿದ್ದು. ಗೊತ್ತು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವಳಿಗೆ ಗೊತ್ತಿಲ್ಲವೇ. ಆದರೂ ಮುದುಕಿಯ ಕೈ ನನ್ನ ಕೈಯಲ್ಲಿ, ಇಬ್ಬರೂ ಉಸಿರು ಬಿಗಿಹಿಡಿದು, ಬಾಗಿಲಿಗೆ ಕಿವಿಯಿಟ್ಟು —