ಆ ನೋಟ ಯಂತ್ರದೋಷವಲ್ಲ

ರಾಷ್ಟ್ರೀಯ ಚಲನಚಿತ್ರ ಭಂಡಾರದ ಮುಖ್ಯಸ್ಥರಾದ ಮಾನ್ಯರೇ,

ನಿಮ್ಮ ಕಚೇರಿಯವರು ಒಂದು ಹಳೆಯ ಸಿನಿಮಾವನ್ನು ಶುಚಿಮಾಡುವಾಗ, ಅದರಲ್ಲಿ ಒಬ್ಬ ಗಂಡಸು ಇನ್ನೊಬ್ಬ ಗಂಡಸನ್ನು ನೋಡುವ ನೋಟವನ್ನು ಕೊಳೆ ಎಂದು ತಿಳಿದು ತೆಗೆದುಹಾಕಿದ್ದಾರೆ. ಅದನ್ನು ಮರಳಿ ಹಾಕಿ ಎಂದು ಕೇಳಲು ಈ ಪತ್ರ. ಇಷ್ಟನ್ನೇ ಒಂದು ಕಾರ್ಡಿನಲ್ಲಿ ಬರೆದು ನಿಮ್ಮ ಕಚೇರಿಗೆ ಕಳಿಸಿದ್ದೆ. ‘ತಮ್ಮ ಮೆಚ್ಚುಗೆಗೆ ಧನ್ಯವಾದಗಳು’ ಎಂದು ಉತ್ತರ ಬಂತು. ನಾನು ಮೆಚ್ಚಿದ್ದು ಯಾವಾಗ ಎಂದು ಬಹಳ ಹೊತ್ತು ಯೋಚಿಸಿದೆ. ಆದ್ದರಿಂದ ಈಗ ಪತ್ರಿಕೆಯಲ್ಲಿ, ನಾಲ್ಕು ಜನರ ಎದುರು ಬರೆಯುತ್ತಿದ್ದೇನೆ. ಎದುರು ನಿಂತು ಹೇಳು ಎಂದರೆ ನನಗೆ ನಾಲಿಗೆ ಏಳುವುದಿಲ್ಲ.

ನಾನು ಹಾಸಿಗೆ ಅಂಗಡಿಯಲ್ಲಿ ಹೊಲಿಯುವವನು. ಪ್ರಾಥಮಿಕ ಶಾಲೆ ಮುಗಿಸಿ ಸೂಜಿ ಹಿಡಿದವನು. ಆಗೊಂದು ಈಗೊಂದು ಸಣ್ಣ ಕತೆ ಬರೆಯುತ್ತೇನೆ, ಒಂದೆರಡು ಅಚ್ಚಾಗಿವೆ. ಊರಿನ ಹಳೆಯ ಚಿತ್ರಮಂದಿರದ ಕುರ್ಚಿಗಳಿಗೆ ಹೊಸ ಹೊದಿಕೆ ಹಾಕುವ ಕೆಲಸ ನಮ್ಮ ಅಂಗಡಿಗೆ ಬಂದಾಗ, ಯಜಮಾನರು ನನ್ನೊಬ್ಬನನ್ನೇ ಕಳಿಸಿದರು. ಮಾತು ಕಡಿಮೆ, ಕೆಲಸ ಸಾಗುತ್ತದೆ ಎಂಬ ಕಾರಣಕ್ಕೆ. ಅರ್ಧ ಕುರ್ಚಿಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದೆ. ಅಲ್ಲಲ್ಲಿ ಹರಿದ ಸ್ಪಂಜು ಬಿದ್ದಿತ್ತು. ಮೇಲಿನ ಕಿಂಡಿಯಿಂದ ಪ್ರೊಜೆಕ್ಟರ್ ನಡೆಸುವ ಅಜ್ಜ ತಲೆ ಹಾಕಿ ಕೂಗಿದರು.

“ಏ ಹಾಸಿಗೆ, ಇಲ್ಲೊಂದು ಹಳೇ ಪ್ರಿಂಟ್ ಇದೆ ಕಣೋ. ನಾಳೆ ಭಂಡಾರದವರು ತಗೊಂಡು ಹೋಗ್ತಾರಂತೆ. ಕೊನೇ ಸಲ ಓಡಿಸಿ ನೋಡ್ತೀನಿ. ನೀನು ನಿನ್ನ ಪಾಡಿಗೆ ಹೊಲ್ಕೊ.”

ಹೊಲಿಯುತ್ತಾ ಅರೆಗಣ್ಣಿನಲ್ಲಿ ನೋಡಿದೆ. ಕತೆ ನಿಮಗೆ ಗೊತ್ತೇ ಇರುತ್ತದೆ. ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವ ಇಬ್ಬರು ಒಂದೇ ಕೋಣೆಯಲ್ಲಿ ಇರುತ್ತಾರೆ. ಒಂದೇ ಕನ್ನಡಿ, ಒಂದೇ ಕೊಡೆ. ಒಬ್ಬನಿಗೆ ಮದುವೆ ಗೊತ್ತಾಗುತ್ತದೆ. ಮದುವೆಯ ಬೆಳಿಗ್ಗೆ ಇನ್ನೊಬ್ಬ ಅವನ ಅಂಗಿಯ ಕತ್ತಿನ ಗುಂಡಿ ಹಾಕಿ, ಹೆಗಲ ಮೇಲಿನ ಧೂಳು ಕೊಡವಿ, ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾನೆ. ನಿಂತು ನೋಡುತ್ತಾನೆ. ಹಾಡಿಲ್ಲ, ಮಾತಿಲ್ಲ. ಕಿಟಕಿಯ ಪರದೆ ಕೂಡ ಅಲುಗುವುದಿಲ್ಲ. ನೋಡುತ್ತಲೇ ಇರುತ್ತಾನೆ. ಒಮ್ಮೆ ಮಾತ್ರ ಅವನ ಗಂಟಲು ಮೇಲೆ ಹೋಗಿ ಕೆಳಗೆ ಬರುತ್ತದೆ. ಆಮೇಲೆ ಹೊರಗಿನಿಂದ ಯಾರೋ ಕೂಗುತ್ತಾರೆ, ಮದುಮಗ ಹೋಗುತ್ತಾನೆ.

ಸೂಜಿ ಸ್ಪಂಜಿನಲ್ಲೇ ನಿಂತುಬಿಟ್ಟಿತು. ಹಾಗೆ ನೋಡಿದವನು ಲೋಕದಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆ. ನಾನು ಯಾರನ್ನು ಹಾಗೆ ನೋಡಿದೆ ಎಂಬುದು ಇಲ್ಲಿ ಬೇಡ. ಅವನು ಬೇರೆ ಊರಿಗೆ ಹೋದ, ತನ್ನನ್ನು ಒಬ್ಬ ಹಾಗೆ ನೋಡಿದ್ದ ಎಂದು ತಿಳಿಯದೆಯೇ ಹೋದ. ಆ ಖಾಲಿ ಚಿತ್ರಮಂದಿರದಲ್ಲಿ, ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ಕ್ಯಾಮೆರಾ ಮುಂದೆ ನಿಂತ ಒಬ್ಬ ನಟ ನನ್ನ ಮುಖವನ್ನು ತನ್ನ ಮೇಲೆ ಹಾಕಿಕೊಂಡು ನಿಂತಿದ್ದ.

ಅಜ್ಜ ಕೆಳಗಿಳಿದು ಬಂದು ಹರಿದ ಕುರ್ಚಿಯೊಂದರ ಅಂಚಿನಲ್ಲಿ ಕೂತರು. ಸ್ಪಂಜಿನಿಂದ ಸೂಜಿ ಎಳೆದುಕೊಂಡು, “ಆಗ ಆ ಸೀನ್ ಬಂದಾಗ ಜನ ಏನಂತಿದ್ರು ಅಜ್ಜಾ?” ಎಂದೆ.

“ಏನಂತಾರೆ? ಸೀಟಿ ಹೊಡೀತಿದ್ರು. ‘ಏ, ನೀನೇ ಮದುವೆ ಆಗ್ಬಿಡೋ’ ಅಂತ ಕೂಗ್ತಿದ್ರು. ಒಬ್ಬರೋ ಇಬ್ಬರೋ ಮಾತ್ರ ಸುಮ್ಮನೆ ಕೂತಿರೋರು. ಅವರೇ ಮಾರನೇ ದಿನ ಮತ್ತೆ ಟಿಕೆಟ್ ತಗೊಳ್ಳೋರು. ದೂರ ದೂರ ಕೂರೋರು, ಪಾಪ. ಒಂದಿನನೂ ಒಬ್ಬರನ್ನೊಬ್ಬರು ಮಾತಾಡಿಸಿದ್ದು ನಾನು ನೋಡ್ಲಿಲ್ಲ.”

ಮಾನ್ಯರೇ, ನಿಮ್ಮ ಭಂಡಾರದಲ್ಲಿ ನಮ್ಮಂಥವರ ಬೇರೆ ಚಿತ್ರಗಳೂ ಇವೆ, ಇಲ್ಲವೆನ್ನುವುದಿಲ್ಲ. ಸೊಂಟ ಕುಣಿಸುತ್ತಾ ಬಂದು ನಾಯಕನ ಕೈಯಲ್ಲಿ ಕಪಾಳಕ್ಕೆ ಹೊಡೆಸಿಕೊಳ್ಳುವ ಅಡುಗೆಯವನಿದ್ದಾನೆ. ಮೀಸೆ ಹೊತ್ತ ಪೊಲೀಸಿನವನನ್ನು ಕಂಡು ಸೆರಗಿಲ್ಲದ ಕಡೆ ಸೆರಗು ಎಳೆದುಕೊಳ್ಳುವ ಗುಮಾಸ್ತನಿದ್ದಾನೆ. ಅವರನ್ನು ನೀವು ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದೀರಿ! ಒಂದು ಗೀರಿಲ್ಲ, ಒಂದು ಚುಕ್ಕೆಯಿಲ್ಲ. ಕಪಾಳಕ್ಕೆ ಬಿದ್ದ ಏಟಿನ ಸದ್ದು ಈಗ ಮೊದಲಿಗಿಂತ ಸ್ಪಷ್ಟವಾಗಿ ಕೇಳುತ್ತದೆ. ನಗಿಸುವ ನಾವು ಸಂಪತ್ತು, ಸುಮ್ಮನೆ ನಿಂತ ನಾವು ದೋಷ. ಇದು ಯಾವ ನಿಯಮದಲ್ಲಿದೆ, ದಯವಿಟ್ಟು ತಿಳಿಸುತ್ತೀರಾ?

ಇನ್ನು ನನ್ನ ಅಕ್ಕನ ವಿಷಯ. ಅವಳನ್ನು ಬಿಟ್ಟರೆ ನನಗೆ ಮನೆ ಎಂದು ಇನ್ನೊಂದಿಲ್ಲ. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುತ್ತಾಳೆ. ಎದುರು ಬಂದವರ ಮುಖ ನೋಡಿಯೇ ಯಾವ ಊರಿಗೆ ಹೊರಟಿದ್ದಾರೆ ಎಂದು ಹೇಳಬಲ್ಲಳು. ನನ್ನ ಮುಖ ಮಾತ್ರ ದಿನಾ ಎದುರಿಗಿದ್ದೂ ಅವಳಿಗೆ ತಿಳಿದಿಲ್ಲ. ಈಗ ನನಗೊಂದು ಹುಡುಗಿಯನ್ನು ನೋಡಿದ್ದಾಳೆ. ಔಷಧಿ ಅಂಗಡಿಯಲ್ಲಿ ಕೆಲಸ. ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾಳೆ. ಕೆಟ್ಟವಳಾಗಿದ್ದರೆ ಏನಾದರೂ ನೆಪ ಹೇಳಬಹುದಿತ್ತು. ಒಳ್ಳೆಯವಳು, ಅದೇ ಕಷ್ಟ. ನಾನು ಬಾಯಿ ಬಿಡದಿದ್ದರೆ ಆ ಹುಡುಗಿಯ ಬಾಳು ಹಾಳು. ಬಾಯಿ ಬಿಟ್ಟರೆ ಅಕ್ಕ ಇನ್ನು ಮುಂದೆ ನನ್ನ ಅಕ್ಕನಾಗಿ ಇರುತ್ತಾಳೋ ಇಲ್ಲವೋ ಗೊತ್ತಿಲ್ಲ.

ಅಷ್ಟರಲ್ಲಿ ನಿಮ್ಮ ಪ್ರದರ್ಶನದ ಭಿತ್ತಿಪತ್ರ ಕಂಡಿತು. ಅದೇ ಚಿತ್ರ, ಹೊಸದಾಗಿ, ಎಲ್ಲರಿಗೂ ಪ್ರವೇಶ. ಬದುಕಿಕೊಂಡೆ ಅನ್ನಿಸಿತು. ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ, ಆ ನೋಟ ಬರುತ್ತದೆ, ಆಗ ಕತ್ತಲಲ್ಲಿ ಮೆಲ್ಲಗೆ ‘ಅಕ್ಕಾ, ನಾನೂ ಹೀಗೇ’ ಎನ್ನುತ್ತೇನೆ. ಉಳಿದದ್ದನ್ನು ಆ ನಟನೇ ಹೇಳುತ್ತಾನೆ. ಅಂಗಡಿಯಲ್ಲಿ ಹಾಸಿಗೆಗಳ ಮುಂದೆ ಅಷ್ಟು ಮಾತನ್ನು ಎಷ್ಟು ಸಲ ಅಭ್ಯಾಸ ಮಾಡಿದೆನೋ. ಹಾಸಿಗೆಗಳು ತಕರಾರು ಮಾಡಲಿಲ್ಲ.

ಅಕ್ಕನ ಜೊತೆ ಹೋಗಿ ಕೂತೆ. ಪರದೆಯ ಮೇಲೆ ಮದುವೆಯ ಬೆಳಿಗ್ಗೆ ಬಂತು. ಗುಂಡಿ ಹಾಕಿದ. ಧೂಳು ಕೊಡವಿದ. ಹಿಂದೆ ಸರಿದ. ಹೊರಗಿನಿಂದ ಯಾರೋ ಕೂಗಿದರು, ಮದುಮಗ ಹೊರಟೇ ಹೋದ! ನಾನು ಬಾಯಿ ತೆರೆದವನು ತೆರೆದೇ ಕೂತಿದ್ದೆ.

“ಒಳ್ಳೇ ಸ್ನೇಹಿತರು ಅಲ್ವಾ,” ಎಂದಳು ಅಕ್ಕ.

ಚಿತ್ರ ಮುಗಿದ ಮೇಲೆ ನಾಚಿಕೆ ಬಿಟ್ಟು, ಬಾಗಿಲ ಬಳಿ ನಿಂತಿದ್ದ ನಿಮ್ಮ ಅಧಿಕಾರಿಯೊಬ್ಬರನ್ನು ಕೇಳಿದೆ. ಅವರು ಒಳ್ಳೆಯವರು, ನಗುತ್ತಲೇ ಹೇಳಿದರು: “ಓ, ಆ ಸೀನಾ? ಅದು ಸ್ಟಕ್ ಆಗಿತ್ತು ಕಣಪ್ಪ. ಹಳೇ ಪ್ರಿಂಟ್‌ಗಳಲ್ಲಿ ಹೀಗಾಗುತ್ತೆ, ಒಂದೇ ಫ್ರೇಮು ಮತ್ತೆ ಮತ್ತೆ ಬಂದಿರುತ್ತೆ. ಹೆಚ್ಚಾಗಿದ್ದನ್ನ ತೆಗೆದ್ವಿ.”

“ಸ್ಟಕ್ ಆಗಿರ್ಲಿಲ್ಲ ಸಾರ್. ಅವನು ನೋಡ್ತಿದ್ದ.”

“ಅಷ್ಟು ಹೊತ್ತು ಯಾಕೆ ನೋಡ್ತಾನೆ ಹೇಳು? ಗಂಡಸು ಗಂಡಸನ್ನ?”

ಮಾನ್ಯರೇ, ಆ ಪ್ರಶ್ನೆಗೆ ಉತ್ತರ ನೀವು ಕತ್ತರಿಸಿದ ತುಂಡಿನಲ್ಲಿತ್ತು. ಉತ್ತರವನ್ನು ಕಸದ ಬುಟ್ಟಿಗೆ ಹಾಕಿ ಪ್ರಶ್ನೆಯನ್ನು ನನ್ನ ಕೈಗೆ ಕೊಟ್ಟರೆ ನಾನೇನು ಮಾಡಲಿ? ನಿಂತುಹೋದ ಚಿತ್ರ ಉಗುಳು ನುಂಗುತ್ತದೆಯೇ? ಅದೇ ಸಿನಿಮಾದಲ್ಲಿ ಮದುಮಗನೂ ಮದುಮಗಳೂ ಒಂದಿಡೀ ಹಾಡಿನುದ್ದಕ್ಕೂ ಒಬ್ಬರನ್ನೊಬ್ಬರು ನೋಡುತ್ತಾರೆ. ಅಷ್ಟರಲ್ಲಿ ನಾನು ಒಂದು ದಿಂಬಿನ ಚೀಲ ಹೊಲಿದು ಮುಗಿಸಬಲ್ಲೆ. ಅಲ್ಲಿ ನಿಮಗೆ ಯಂತ್ರ ಕೆಟ್ಟಿದೆ ಅನ್ನಿಸಲಿಲ್ಲವೇ? ಯಾರೋ ಹಟಕ್ಕೆ ಬಿದ್ದು ಕತ್ತರಿ ಆಡಿಸಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಹಟಕ್ಕಾದರೂ ನಾವು ಇದ್ದೇವೆಂದು ಗೊತ್ತಿರಬೇಕಾಗುತ್ತದೆ. ನಿಮ್ಮವರಿಗೆ ಅಷ್ಟೂ ಹೊಳೆಯಲಿಲ್ಲ. ನಗುನಗುತ್ತಾ ಒರೆಸಿಬಿಟ್ಟರು.

ಮನೆಗೆ ಹೋಗುವ ಬಸ್ಸಿನಲ್ಲಿ ಅಕ್ಕ ಕೇಳಿದಳು, “ಯಾಕೋ ಮುಖ ಹಾಗೆ ಮಾಡ್ಕೊಂಡಿದ್ದೀಯ? ಅವರ ಹತ್ರ ಅದೇನು ವಾದ?”

“ಒಂದು ಸೀನ್ ತೆಗೆದುಬಿಟ್ಟಿದ್ದಾರೆ ಅಕ್ಕ.”

“ಏನಿತ್ತು ಅದರಲ್ಲಿ?”

“ಅವನು ಮದುಮಗನ್ನ ನೋಡ್ತಾನೆ.”

“ನೋಡ್ತಾನೆ. ಆಮೇಲೆ?”

“ಆಮೇಲೇನಿಲ್ಲ. ನೋಡ್ತಾನೇ ಇರ್ತಾನೆ.”

“ಅಯ್ಯೋ, ಅದಕ್ಕೇ ತೆಗೆದಿರ್ತಾರೆ ಬಿಡು,” ಎಂದು ನಕ್ಕು, “ಈ ತಿಂಗಳ ಕೊನೇ ಭಾನುವಾರ ಹುಡುಗಿ ಮನೆಯವರು ಬರ್ತಾರೆ, ಕ್ಷೌರ ಮಾಡಿಸ್ಕೊ,” ಎಂದು ನನ್ನ ಹೆಗಲಿಗೆ ತಲೆ ಇಟ್ಟು ಕಣ್ಣು ಮುಚ್ಚಿದಳು. ಹೆಗಲ ಮೇಲೆ ಅವಳ ತಲೆಯ ಭಾರ ಇತ್ತು. ಅಷ್ಟು ಒಂಟಿಯಾಗಿ ನಾನು ಎಂದೂ ಕೂತಿರಲಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ತೆಗೆದ ತುಂಡನ್ನು ಹುಡುಕಿಸಿ, ಇದ್ದಲ್ಲಿಗೆ ಇದ್ದಷ್ಟೇ ಉದ್ದಕ್ಕೆ ಸೇರಿಸಿ. ಸೇರಿಸಿದ ಚಿತ್ರವನ್ನು, ಮೊದಲು ಎಲ್ಲೆಲ್ಲಿ ತೋರಿಸಿದಿರೋ ಅಲ್ಲೆಲ್ಲ ಮತ್ತೊಮ್ಮೆ ತೋರಿಸಿ. ಜನ ಸೀಟಿ ಹೊಡೆದರೆ ಹೊಡೆಯಲಿ. ಸುಮ್ಮನೆ ಕೂತಿರುವವರು ಒಬ್ಬಿಬ್ಬರು ಈಗಲೂ ಬರುತ್ತಾರೆ. ಅವರ ಪಕ್ಕದಲ್ಲಿ ಯಾರಾದರೂ ಅಕ್ಕನೋ ಅಮ್ಮನೋ ಕೂತಿರಬಹುದು.

ಆ ಭಾನುವಾರದೊಳಗೆ ನಿಮ್ಮಿಂದ ಇದು ಆಗದ ಮಾತು, ಗೊತ್ತಿದೆ. ಆದ್ದರಿಂದ ನನ್ನ ಪಾಲಿನದನ್ನು ನಾನೇ ಮಾಡಬೇಕು. ನಾನು ಬರೆದದ್ದನ್ನು ಪತ್ರಿಕೆಗೆ ಕಳಿಸುವ ಮೊದಲು ಅಕ್ಕ ಓದುವುದು ನಮ್ಮ ಮನೆಯ ರೂಢಿ. ಇದೊಂದನ್ನು ಅವಳ ಕಣ್ಣಿಗೆ ಬೀಳದಂತೆ ಅಂಚೆಗೆ ಹಾಕೋಣ ಎಂದು ಲಕೋಟೆಯನ್ನೂ ತಂದಿದ್ದೆ. ಆದರೆ ನಿಮ್ಮನ್ನು ಇಷ್ಟೆಲ್ಲ ಬೈದು, ನಾನೇ ಈ ತುಂಡನ್ನು ಅವಳಿಂದ ಬಚ್ಚಿಟ್ಟರೆ ನಿಮಗೂ ನನಗೂ ಏನು ವ್ಯತ್ಯಾಸ? ನೀವು ಇದನ್ನು ಅಚ್ಚಿನಲ್ಲಿ ಓದುತ್ತಿದ್ದೀರಿ ಎಂದರೆ ಅವಳು ಓದಿಯಾಗಿದೆ. ಓದಿ ಏನೆಂದಳು ಎಂದು ಬರೆಯಲಾರೆ, ಈ ಸಾಲು ಬರೆಯುವಾಗ ನನಗೂ ಗೊತ್ತಿಲ್ಲ. ಅವಳು ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವ ಸದ್ದು ಕೇಳುತ್ತಿದೆ.

ಇಂತಿ,
ನಿಮ್ಮವರ ಲೆಕ್ಕದಲ್ಲಿ ಹೆಚ್ಚಾದ ಒಂದು ತುಂಡು,
ಹಾಸಿಗೆ ಅಂಗಡಿಯ ಹೊಲಿಗೆಯವನು