ಕಾಯುವಿಕೆ ಬುಡಕ್ಕೆ ಸೇರಿದ ದಿನ

ಗಾಳಿಗುಡ್ಡ ಹಾಸ್ಟೆಲ್, ಚಿತ್ರದುರ್ಗ
ಫೆಬ್ರವರಿ ೩೦, ೨೧೭೯

ಸಾಫ್ಟ್‌ವೇರ್ ಮಾಡುತ್ತಿರುವ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಮಾತುಗಳು ವಿಚಿತ್ರ ಅನ್ನಿಸಿದರೆ ಸಾರಿ. ಆರನೇ ವಯಸ್ಸಿನಿಂದ ಹಾಸ್ಟೆಲ್‌ಗಳಲ್ಲೇ ಓದಿದವಳು, ಅರ್ಧ ಇಂಗ್ಲಿಷು. ಬರೆಯುವಾಗ ಮಾತ್ರ ನನಗೆ ಟೆನ್ಷನ್ ಇಲ್ಲ, ಕಾಗದ ಅವಸರ ಮಾಡುವುದಿಲ್ಲ. ನನಗೆ ಉಗ್ಗು ಇದೆ.

ಇಲ್ಲಿ ಬಾಗಿಲು, ಊಟದ ತಟ್ಟೆ, ಡಾಕ್ಟರು, ಲೈಬ್ರರಿ ಎಲ್ಲದರ ಜೊತೆಗೂ ‘ಒಡನುಡಿ’ಯ ಮೂಲಕವೇ ಮಾತಾಡಬೇಕು. ಕಿವಿಯ ಹಿಂದೆ ಅಂಟಿಸಿಕೊಳ್ಳುವ, ಮೆಂತ್ಯದ ಕಾಳಿನಷ್ಟು ಸಾಧನ ಅದು. ಅದರಲ್ಲಿ ಎಲ್ಲರಿಗೂ ತಾನಾಗಿ ಸಿಗುವ ಭಾಗಕ್ಕೆ ‘ಬುಡ’ ಎನ್ನುತ್ತೇವೆ. ಬೇಕಾದವರು ಆಮೇಲೆ ಕೇಳಿ ಹಾಕಿಕೊಳ್ಳುವುದು ‘ತಗುಲು’. ನಿಧಾನ ಮಾತಾಡುವವರಿಗಾಗಿ ಸುಮ್ಮನೆ ಕಾದು ನಿಲ್ಲುವ ಗುಣ, ಅಂದರೆ ಕಾಯುವಿಕೆ, ಮೊದಲು ಬುಡದಲ್ಲೇ ಇತ್ತಂತೆ. ಬುಡ ಭಾರವಾಗಿ ಒಂದು ಬಾಗಿಲು ತೆರೆಯುವುದಕ್ಕೂ ತಡವಾಗತೊಡಗಿದಾಗ, ಸಾವಿರಕ್ಕೆ ನಾಲ್ಕು ಜನ ಮಾತ್ರ ಬಳಸುತ್ತಾರೆಂದು ಅದನ್ನು ತಗುಲು ಮಾಡಿಬಿಟ್ಟರು. ತಗುಲನ್ನು ಸ್ವಂತ ದನಿಯಲ್ಲಿ, ಎರಡು ಸೆಕೆಂಡಿನೊಳಗೆ ಕೇಳಬೇಕು. ನಾನು ಮೊದಲ ಅಕ್ಷರದಲ್ಲಿರುವಾಗಲೇ ಒಡನುಡಿ ‘ಆಗಲಿ, ಇನ್ನೊಮ್ಮೆ ಸಿಗೋಣ’ ಎಂದು ಮುಚ್ಚಿಕೊಳ್ಳುತ್ತಿತ್ತು. ಸ್ಕೂಲಿನ ಹಾಸ್ಟೆಲ್‌ನಲ್ಲಿ ಬಾಗಿಲುಗಳು ತೆರೆದೇ ಇರುತ್ತಿದ್ದವು. ಇಲ್ಲಿ ರೂಮ್‌ಮೇಟ್ ಫಿಲೋಮಿನಾ ಬರುವವರೆಗೆ ನನ್ನ ರೂಮಿನ ಮುಂದೆ ನಾನೇ ನಿಂತಿರಬೇಕಿತ್ತು. ಊಟದ ಸಾಲಿನಲ್ಲಿ ಏನೂ ಕೇಳದವರಿಗೆ ಸಿಗುವುದು ಉಪ್ಪಿಟ್ಟು. ಐದು ತಿಂಗಳು ಉಪ್ಪಿಟ್ಟು ತಿಂದಿದ್ದೇನೆ.

ಐದು ವರ್ಷಕ್ಕೊಮ್ಮೆ ಸಭೆ ಸೇರಿ, ಏನಿರಬೇಕು ಏನು ಬೇಡ ಎಂದು ಜಿಲ್ಲೆಯ ಬುಡವನ್ನು ಬಿಚ್ಚಿ ನೋಡುತ್ತಾರೆ. ಅಲ್ಲಿ ಮಾತಾಡುವವರು ಕಾಲೇಜಿನ ಮೊದಲ ವರ್ಷದವರು, ಯಾಕೆಂದರೆ ನಾವಿನ್ನೂ ತೊಂದರೆಗಳಿಗೆ ಒಗ್ಗಿಕೊಂಡಿರುವುದಿಲ್ಲ. ಒಂದು ಕಟ್ಟಳೆಯಿದೆ: ಬೇಕಾದವರು ತಮಗಾಗಿ ವಾದಿಸುವಂತಿಲ್ಲ. ಬೇಡದವರೊಬ್ಬರು ಒಂದು ವಾರ ಅದನ್ನು ಹಾಕಿಕೊಂಡು ಬದುಕಿ, ಆಮೇಲೆ ಪರವಾಗಿ ನಿಲ್ಲಬೇಕು. ನನ್ನ ಪಾಲಿಗೆ ಬಂದವಳು ಫಿಲೋಮಿನಾ, ಇಡೀ ಹಾಸ್ಟೆಲ್‌ನಲ್ಲೇ ಅತಿ ವೇಗದ ಬಾಯಿ. ವಾರವಿಡೀ ಗೊಣಗಿದಳು. “ಏನೇ ಇದು, ಅನ್ನ ಅಂದ್ಮೇಲೂ ಇನ್ನೇನೋ ಹೇಳ್ತೀನಿ ಅಂತ ಕಾಯ್ತಾ ನಿಂತಿರುತ್ತೆ! ಸಾರು ಆರಿ ಹೋಯ್ತು ಕಣೇ ಬಿಂದು.” ಮುಗಿಯಿತು ಅಂದುಕೊಂಡೆ. ಈ ಸಲ ಆಗದಿದ್ದರೆ ಓದು ಬಿಡುವುದೆಂದು ಬ್ಯಾಗ್ ಕಟ್ಟಿಟ್ಟೆ.

ನಿನ್ನೆ ಸಭೆ. ಕಾಯುವಿಕೆ ಬುಡಕ್ಕೆ ಬರಲಿ ಎಂದು ಫಿಲೋಮಿನಾ ಎದ್ದು ಹೇಳಿದಾಗ ಅಧ್ಯಕ್ಷರಾದ ಮುರಿಗೆಪ್ಪ ಸರ್ ನಿಟ್ಟುಸಿರು ಬಿಟ್ಟರು. “ಎಲ್ಲರಿಗೂ ಬೇಕಾದ್ದೆಲ್ಲ ತುಂಬಿದ್ರೆ ಬುಡ ಎದ್ದು ನಡೆಯೋದು ಯಾವಾಗಮ್ಮ? ಬೇಕಾದೋರು ಹಾಕ್ಕೊಳ್ಳಲಿ.”

“ಅದೇ ಸರ್ ಪ್ರಾಬ್ಲಮ್ಮು,” ಅಂದಳು ಫಿಲೋಮಿನಾ. “ನಂಗೆ ಬೇಕಾಗಿರ್ಲಿಲ್ಲ, ಒಂದೇ ಸಲಕ್ಕೆ ಸಿಕ್ತು. ಇವಳಿಗೆ ಬೇಕು, ಐದು ತಿಂಗಳಿಂದ ಸಿಕ್ಕಿಲ್ಲ. ತೆಗೆಯೋವಾಗ ನೀವು ಎಣಿಸಿದ್ದು ಬಳಸೋರನ್ನ. ತೆಗೆದ ಮೇಲೆ ಬಾಗಿಲ ಹೊರಗೆ ನಿಂತೋರನ್ನ ಯಾರು ಎಣಿಸಿದ್ರು ಸರ್?”

ಕೊನೆಗೆ ಸರ್ ಒಪ್ಪಿದರು, ಆದರೆ ಒಂದು ಒಳಗೆ ಬಂದರೆ ಒಂದು ಹೊರಗೆ ಹೋಗಲೇಬೇಕು. ಹೋಗಿದ್ದು ಬೆಳಿಗ್ಗೆ ಹಕ್ಕಿಗಳ ಕೂಗಿನಿಂದ ಎಬ್ಬಿಸುವ ಗುಣ. ಫಿಲೋಮಿನಾಗೆ ಅದೆಂದರೆ ಪ್ರಾಣ. ತಾನೇ ಅದನ್ನು ಬಳಸುವವಳಾದ್ದರಿಂದ, ಕಟ್ಟಳೆಯಂತೆ ಬಾಯಿ ಬಿಡುವಂತಿರಲಿಲ್ಲ. ನನ್ನ ತೋಳನ್ನು ಜೋರಾಗಿ ಚಿವುಟಿದಳು. ಇನ್ನೂ ಕೆಂಪಗಿದೆ.

ಸಂಜೆ ರೂಮಿನ ಮುಂದೆ ನಿಂತು ನನ್ನ ಹೆಸರು ಹೇಳಿದೆ. ಒಂಬತ್ತು ಸೆಕೆಂಡ್ ಹಿಡಿಯಿತು. ಬಾಗಿಲು ತೆರೆಯಿತು. ನಾನು ಒಳಗೆ ಹೋಗದೆ ಅಲ್ಲೇ ಕೂತು ಅತ್ತೆ, ಆಮೇಲೆ ನಕ್ಕೆ.

ಎಲ್ಲವನ್ನೂ ಒಳಗಿಡಿ ಎಂದು ನಾನು ಕೇಳುತ್ತಿಲ್ಲ. ಭಾರವಾದ ಬುಡದ ಕಷ್ಟವೂ ಕೇಳಿ ಗೊತ್ತು. ಏನನ್ನಾದರೂ ಹೊರಗಿಡುವ ಮುನ್ನ, ಅದು ಯಾರಿಗೆ ಬೇಕೋ ಅವರನ್ನೇ ಕರೆದು, ಹೋಗಿ ತೆಗೆದುಕೊಳ್ಳಿ ಎನ್ನಿ. ಪಕ್ಕದಲ್ಲಿ ನಿಂತಿರಿ. ಸಹಾಯ ಮಾಡಬೇಡಿ, ಹೇಳಿಕೊಡಬೇಡಿ. ಅವರ ಕೈಗೆ ಅದು ಸಿಗುತ್ತದೆಯೇ, ಅಷ್ಟು ನೋಡಿ.

ಇಂತಿ,
ಬಿಂದುಮತಿ
ಮೊದಲ ವರ್ಷ